ಮುರ್ಡೊ ಗಿಲ್‌ಕ್ರಿಸ್ಟನ ಭಾಷಣ

ಹಿರಿಯರನ್ನು ಗೌರವಿಸುವುದೆಂದರೆ ಅವರು ಮಾಡಿದ್ದನ್ನು ಮಾಡಿದ ಹಾಗೆಯೇ ಹೇಳುವುದು. ಇದಕ್ಕಿಂತ ಹೆಚ್ಚಿನದನ್ನು ಸತ್ತವರು ಕೇಳುವುದಿಲ್ಲ. ಇದಕ್ಕಿಂತ ಕಡಿಮೆಯದನ್ನು ಕೊಡಲು ಬದುಕಿರುವವರಿಗೆ ಅಧಿಕಾರವಿಲ್ಲ. ಗ್ಲೆನ್‌ಫಾಯಿಲ್ ಶಾಲೆಯಲ್ಲಿ ಎರಡು ತಲೆಮಾರಿನ ಮಕ್ಕಳಿಗೆ ನಾನು ಇದನ್ನೇ ಕಲಿಸಿದೆ. ಅದರ ಜೊತೆಗೆ ನನ್ನ ಮುತ್ತಜ್ಜ ಮುರ್ಡೊ ಗಿಲ್‌ಕ್ರಿಸ್ಟನ ಭಾಷಣವನ್ನೂ ಕಲಿಸಿದೆ.

ಮುರ್ಡೊ ಸ್ಕಾಟ್ಲೆಂಡಿನಿಂದ ಹಡಗು ಹತ್ತಿ ಬಂದು, ನ್ಯೂಜಿಲೆಂಡಿನ ದಕ್ಷಿಣದ ತುದಿಯಲ್ಲಿರುವ ನಮ್ಮ ಕಣಿವೆಯಲ್ಲಿ ದನ ಕಟ್ಟಿ ನೆಲೆಯೂರಿದವನು. ಅವನು ಬರುವ ಮೊದಲು ಆ ನೆಲ ಮಾವೋರಿ ಜನರದಾಗಿತ್ತು, ಅದು ಅವರ ಕೈಬಿಟ್ಟದ್ದು ನ್ಯಾಯವಾದ ಬೆಲೆಗಲ್ಲ ಎಂಬುದನ್ನೂ ನಾನು ತರಗತಿಯಲ್ಲಿ ಮುಚ್ಚಿಡಲಿಲ್ಲ. ಅದಕ್ಕಾಗಿ ಬಂದ ದೂರುಗಳನ್ನು ಲೆಕ್ಕಿಸಲೂ ಇಲ್ಲ. ಆದರೆ ಒಂದು ವಿಷಯದಲ್ಲಿ ಮುರ್ಡೊನ ಬಗ್ಗೆ ನನಗೆ ಅಪ್ಪಟ ಹೆಮ್ಮೆಯಿತ್ತು. ಹೆಂಗಸರಿಗೆ ಮತದ ಹಕ್ಕು ಸಿಕ್ಕಿದ ವರ್ಷ, ಅವರು ಮೊದಲ ಬಾರಿಗೆ ಮತ ಹಾಕಲು ಹೊರಟ ದಿನ, ಕಣಿವೆಯ ಗಂಡಸರು ಅವರ ಬಂಡಿಯನ್ನು ನಾಲ್ಕುದಾರಿಯಲ್ಲಿ ತಡೆದು ನಿಲ್ಲಿಸಿದರು. ಆಗ ಮುರ್ಡೊ ಚೀಸ್ ಕಾರ್ಖಾನೆಯ ಪೀಪಾಯಿಯೊಂದರ ಮೇಲೆ ಹತ್ತಿ ನಿಂತು, "ಹಾಲು ಕರೆಯಲು ಸಾಕಾದ ಬೆರಳು ಮತಪತ್ರ ಹಿಡಿಯಲು ಸಾಲದೇ?" ಎಂದು ಗುಡುಗಿದನು. ಗಂಡಸರು ಟೋಪಿ ತೆಗೆದು ದಾರಿ ಬಿಟ್ಟರು. ಪ್ರತಿ ವರ್ಷವೂ ಒಂದು ಮಗು ನನ್ನ ಮೇಜಿನ ಪಕ್ಕದ ಪೆಟ್ಟಿಗೆಯ ಮೇಲೆ ನಿಂತು ಆ ಮಾತನ್ನು ಗುಡುಗುತ್ತಿತ್ತು.

ಆ ಘಟನೆಗೆ ನೂರು ವರ್ಷ ತುಂಬಿತು. ಅದೇ ವರ್ಷ ದೇಶದ ಚುನಾವಣೆಯೂ ಬಂತು, ನವೆಂಬರಿನ ಒಂದು ಶನಿವಾರ. ನನ್ನ ಚಿಕ್ಕಪ್ಪನ ಮಗ ಲ್ಯಾಕ್ಲನ್ ಅದೇ ದಿನ ಮನೆತನದವರನ್ನೆಲ್ಲ ಸೇರಿಸಿ, ನಾಲ್ಕುದಾರಿಯ ಬಂಡೆಗೆ ಕಂಚಿನ ಫಲಕವೊಂದನ್ನು ಕೂರಿಸುವುದೆಂದು ಗೊತ್ತುಮಾಡಿದ. ಫಲಕದಲ್ಲಿ ಪೀಪಾಯಿ, ಅದರ ಮೇಲೆ ಕೈಯೆತ್ತಿ ನಿಂತ ಮುರ್ಡೊ, ಕೆಳಗೆ ಆ ಮಾತು. ಅದನ್ನು ಅನಾವರಣಗೊಳಿಸಿ ಮುರ್ಡೊನ ಕಥೆಯನ್ನು ಓದುವ ಗೌರವ ನನ್ನದು.

ಆಮಂತ್ರಣದ ಕೊನೆಯಲ್ಲಿ, ಈ ನಾಡಿನ ವಾಡಿಕೆಯಂತೆ, "ಹೆಂಗಸರು ತಿಂಡಿಯ ತಟ್ಟೆ ತರತಕ್ಕದ್ದು" ಎಂದಿತ್ತು. ಹೆಂಗಸರ ಹಕ್ಕನ್ನು ಕೊಂಡಾಡುವ ಸಭೆಗೆ ಹೆಂಗಸರೇ ಬೇಯಿಸಿ ತರಬೇಕಂತೆ! ಕೆಂಪು ಶಾಯಿಯಲ್ಲಿ "ಹೆಂಗಸರು" ಎಂಬುದನ್ನು ಹೊಡೆದು, "ಎಲ್ಲರೂ" ಎಂದು ತಿದ್ದಿ ಹಿಂದಕ್ಕೆ ಕಳುಹಿಸಿದೆ.

ಲ್ಯಾಕ್ಲನ್ ಫೋನು ಮಾಡಿದ. "ಅಕ್ಕ, ಈ ವಯಸ್ಸಲ್ಲೂ ನಂಗೆ ಹೋಮ್‌ವರ್ಕ್ ತಿದ್ತೀಯಲ್ಲ!"

"ತಪ್ಪು ಮಾಡೋಕೆ ವಯಸ್ಸಿಲ್ಲ ಅಂದ್ಮೇಲೆ ತಿದ್ದೋಕೆ ಯಾಕೋ ವಯಸ್ಸು?"

"ಸರಿ ತಾಯಿ, ನಾನೂ ಒಂದು ತಟ್ಟೆ ತರ್ತೀನಿ. ಆದ್ರೆ ಕಾರ್ಯಕ್ರಮ ಸಂಜೆ ಐದಕ್ಕೆ. ಅವತ್ತು ಕೊಟ್ಟಿಗೆ ನಮ್ದು, ಗೊತ್ತಲ್ಲ."

ಗೊತ್ತಿತ್ತು. ಚುನಾವಣೆಯ ದಿನ ಗಿಲ್‌ಕ್ರಿಸ್ಟ್ ಮನೆತನದ ಹೆಂಗಸರು ಹಾಲಿನ ಕೊಟ್ಟಿಗೆಗೆ ಕಾಲಿಡುವುದಿಲ್ಲ. ಬೆಳಗಿನ ಹಾಲೂ ಸಂಜೆಯ ಹಾಲೂ ಗಂಡಸರದೇ. ಊರಲ್ಲಿ ಅಂಗಡಿ ಇಟ್ಟವನಾಗಲಿ, ಬ್ಯಾಂಕಿನಲ್ಲಿ ಕೂತವನಾಗಲಿ, ಆ ದಿನ ಬಂದು ರಬ್ಬರ್ ಬೂಟು ಏರಿಸಲೇಬೇಕು. ಏಕೆಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಹಾಲು ಹುಳಿಯುತ್ತದಂತೆ, ಹಸು ಒದೆಯುತ್ತದಂತೆ. ನಾನು ಅದನ್ನು ಮೂಢನಂಬಿಕೆಯೆಂದು ಕಡೆಗಣಿಸಿದ್ದೆ. ನನಗೂ ಕೊಟ್ಟಿಗೆಗೂ ಸಂಬಂಧವಿರಲಿಲ್ಲ. ನಾನು ನಡೆಯಲು ಕಲಿಯುವ ಮೊದಲೇ ಅಮ್ಮ ತೀರಿಕೊಂಡಳು; ಅಪ್ಪ ನನ್ನನ್ನು ಇನ್ವರ್‌ಕಾರ್ಗಿಲ್ ಪಟ್ಟಣದ ವಸತಿಶಾಲೆಗೆ ಸೇರಿಸಿದ. ಶಾಲೆಯಿಂದ ಶಾಲೆಗೆ ಸಾಗಿದ ಜೀವನದಲ್ಲಿ ನಾನು ಒಂದು ಹಸುವಿನ ಕೆಚ್ಚಲನ್ನೂ ಮುಟ್ಟಿದವಳಲ್ಲ.

ಆ ಶನಿವಾರ ಬೆಳಿಗ್ಗೆ ಎಫಿ ಅತ್ತೆಯನ್ನು ಮತಗಟ್ಟೆಗೆ ಕರೆದುಕೊಂಡು ಹೋದೆ. ಅಪ್ಪನ ಅಕ್ಕ ಅವಳು, ಮುರ್ಡೊನ ಮೊಮ್ಮಗಳು, ತೊಂಬತ್ತು ದಾಟಿದವಳು. ವೃದ್ಧರ ಮನೆಯಲ್ಲಿದ್ದರೂ ಮತದ ದಿನ ನೀಲಿ ಟೋಪಿ ಇಡದೆ ಹೊರಡುವುದಿಲ್ಲ. ಮತ ಹಾಕಿ ಬಂದು ನಾವಿಬ್ಬರೂ ಶಾಲೆಯಂಗಳದ ಮಕ್ಕಳ ಬೆಂಚಿನ ಮೇಲೆ ಕೂತೆವು. ಸಂಜೆಗೆ ಅಭ್ಯಾಸವಾಗಲೆಂದು ಬರೆದದ್ದನ್ನು ಓದತೊಡಗಿದೆ. ಪೀಪಾಯಿಯ ಹತ್ತಿರ ಬರುತ್ತಿದ್ದಂತೆ ಅತ್ತೆ ಕೈಯೆತ್ತಿದಳು.

"ನಿಲ್ಲು ನಿಲ್ಲು. ಯಾರು ಮಾತಾಡಿದ್ದು?"

"ಮುತ್ತಜ್ಜ, ಅತ್ತೆ. ಮುರ್ಡೊ."

ಅತ್ತೆಯ ಭುಜಗಳು ಕುಣಿಯತೊಡಗಿದವು. ಕೆಮ್ಮು ಬಂತೆಂದು ಹೆದರಿದೆ. ಕೆಮ್ಮಲ್ಲ, ನಗು.

"ಅಯ್ಯೋ ನನ್ನ ಕಂದ! ನಮ್ಮ ತಾತ ಭಾಷಣ ಮಾಡಿದ್ನಾ? ಊಟಕ್ಕೆ ಮುಂಚೆ ಪ್ರಾರ್ಥನೆ ಹೇಳೋಕೂ ಅಜ್ಜಿ ಕಡೆ ತಲೆ ಆಡಿಸ್ತಿದ್ದ ಮನುಷ್ಯ ಕಣೇ ಅವ್ನು. ಮದುವೆ ಆಗ್ತೀಯಾ ಅಂತ ಕೇಳೋಕೆ ಬಂದವ್ನು ಅರ್ಧಕ್ಕೇ ನಿಂತ್ಬಿಟ್ನಂತೆ, ಅಜ್ಜೀನೇ ಮುಗಿಸಿ ಅಜ್ಜೀನೇ ಹೂಂ ಅಂದ್ಲಂತೆ!"

"ಹಾಗಾದ್ರೆ ಪೀಪಾಯಿ? ಆ ಮಾತು?"

"ಆ ಮಾತು ನಿಮ್ಮಪ್ಪಂದು. ಹೆಂಗಸರ ಮತಕ್ಕೆ ಐವತ್ತು ವರ್ಷ ತುಂಬಿದ ಸಮಾರಂಭಕ್ಕೆ ಚರ್ಚಿನ ಸಭೇಲಿ ಓದೋಕೆ ಬರೆದದ್ದು. ಚೆನ್ನಾಗಿ ಬರೀತಿದ್ದ ಪಾಪ. ಪೀಪಾಯೀನೂ ಅವನೇ ಉರುಳಿಸ್ಕೊಂಡು ಬಂದದ್ದು."

ನನ್ನ ಕೈಯಲ್ಲಿದ್ದ ಹಾಳೆಗಳು ಗಾಳಿಗೆ ಪಟಪಟಿಸಿದವು. ಅಷ್ಟು ವರ್ಷ, ಅಷ್ಟು ಮಕ್ಕಳ ಬಾಯಲ್ಲಿ ನಾನು ಗುಡುಗಿಸಿದ್ದು ನನ್ನಪ್ಪನ ಕಲ್ಪನೆಯನ್ನು!

"ಮತ್ತೆ ಏನೂ ಮಾಡ್ಲೇ ಇಲ್ವಾ ಅವ್ನು?"

ಅತ್ತೆ ನಗುವುದನ್ನು ನಿಲ್ಲಿಸಿದಳು. ಟೋಪಿ ಸರಿಪಡಿಸಿಕೊಂಡು ಹೇಳಿದಳು. ಯಾರೂ ಬಂಡಿ ತಡೆಯಲಿಲ್ಲ. ತಡೆಯುವ ಅಗತ್ಯವೇ ಬೀಳಲಿಲ್ಲ. ಆಗ ಕಣಿವೆಯಲ್ಲಿ ಹಾಲು ಕರೆಯುವುದು ಹೆಂಗಸರ ಕೆಲಸ, ಬೆಳಿಗ್ಗೆಯೂ ಸಂಜೆಯೂ, ಎಲ್ಲವೂ ಕೈಯಿಂದ. ಮತಗಟ್ಟೆ ದೂರದ ಪಟ್ಟಣದಲ್ಲಿತ್ತು. ಹೋದವರು ಕತ್ತಲಾಗದೆ ಮರಳುವಂತಿರಲಿಲ್ಲ. ಗಂಡಸರು ಬೇಲಿಗೆ ಒರಗಿ ಪೈಪು ಸೇದುತ್ತಾ, "ಹೋಗ್ರಮ್ಮ, ಹೋಗಿ ಮತ ಹಾಕಿ ಬನ್ನಿ. ಸಂಜೆ ಹಸುಗಳಿಗೂ ನೀವೇ ಸಮಾಧಾನ ಹೇಳಿ" ಎಂದರು. ವಸಂತ ಕಾಲ, ಕೆಚ್ಚಲು ತುಂಬಿ ಬಿರಿಯುವ ಸಮಯ. ಒಂದು ಹೊತ್ತು ಕರೆಯದಿದ್ದರೆ ಹಸು ನೋವಿನಿಂದ ಕೂಗುತ್ತದೆ. ಅದನ್ನು ಬಲ್ಲ ಹೆಂಗಸರು ಟೋಪಿ ಬಿಚ್ಚಿಡತೊಡಗಿದರು. ಕಾನೂನು ಕೊಟ್ಟದ್ದನ್ನು ಕಿತ್ತುಕೊಳ್ಳಲು ಬಂದೂಕು ಬೇಕಾಗುವುದಿಲ್ಲ. ಕೈಕಟ್ಟಿ ನಿಂತರೆ ಸಾಕು.

"ಆಗ ತಾತ ಒಂದು ಮಾತೂ ಆಡ್ಲಿಲ್ಲ," ಎಂದಳು ಅತ್ತೆ. "ಗೋಡೆ ಮೇಲಿಂದ ತನ್ನ ಹೆಂಡ್ತಿ ಹಾಲು ಕರೆಯೋ ಮಣೆ ತಗೊಂಡ, ಬಕೆಟ್ ತಗೊಂಡ. ಹೆಂಗಸರಿಗೆ ಬಂಡಿ ತೋರಿಸ್ದ. ಮಧ್ಯಾಹ್ನದಿಂದ ಹೊಳೆ ಉದ್ದಕ್ಕೂ ಮನೆಮನೆಗೆ ಹೋಗಿ ಎಲ್ಲರ ಹಸೂನೂ ಕರೆದ. ಗಂಡಸರೆಲ್ಲ ಹಿಂದೆ ಹಿಂದೆನೇ ಬಂದ್ರು, ಹಾಲುಗಿತ್ತಿ ಮುರ್ಡಮ್ಮ ಅಂತ ಹಾಡ್ಕೊಂಡು! ಕರೀತಾನೇ ಹೋದ. ಆಮೇಲೆ ಕೈ ಹೇಗೆ ಊದಿತ್ತು ಅಂದ್ರೆ, ಎಷ್ಟೋ ದಿನ ಅಜ್ಜಿ ಚಮಚದಲ್ಲಿ ಗಂಜಿ ತಿನ್ಸಿದ್ಲು."

ಪೀಪಾಯಿಯ ಮೇಲಿನ ಮುರ್ಡೊನಿಗಿಂತ ಮಣೆಯ ಮೇಲಿನ ಮುರ್ಡೊ ಎಷ್ಟು ಎತ್ತರದಲ್ಲಿದ್ದಾನೆಂದು ಆ ಕ್ಷಣವೇ ಕಂಡಿತು.

"ಇದನ್ನೇ ಸಂಜೆ ಹೇಳ್ತೀನಿ," ಎಂದೆ.

ಅತ್ತೆ ನನ್ನ ಮಣಿಕಟ್ಟು ಹಿಡಿದಳು. "ಬೇಡ ಕಣೇ. ಗಂಡಸರ ಕಿವಿಗೆ ಹಾಕ್ಬೇಡ. ಹಾಲುಗಿತ್ತಿ ಮಕ್ಕಳು ಅಂತ ನಮ್ಮಪ್ಪಂಗೆ ಸ್ಕೂಲಲ್ಲಿ ಎಷ್ಟು ಹಂಗಿಸಿದ್ರು ಗೊತ್ತಾ? ಆ ನಾಚಿಕೆಗೇ ಭಾಷಣ ಹುಟ್ಟಿದ್ದು. ಅಜ್ಜಿ ನಮಗೆಲ್ಲ ಹೇಳಿದ್ಲು, ಅವರಿಗೆ ಭಾಷಣ ಇರ್ಲಿ, ನಮಗೆ ಆ ದಿನ ಕೊಟ್ಟಿಗೆಯಿಂದ ರಜಾ ಇರ್ಲಿ ಅಂತ. ಯಾಕೆ ಅಂತ ಗೊತ್ತಿಲ್ದೇನೇ ಗಂಡಸರು ನಡೆಸ್ಕೊಂಡು ಬಂದಿದಾರೆ ಪಾಪ. ಹಾಲುಗಿತ್ತಿ ನೆನಪಿಗೆ ಅಂತ ಗೊತ್ತಾದ್ರೆ ಬಿಟ್ಟೇಬಿಡ್ತಾರೆ. ಮೊರಾಗ್‌ಗೆ ಆ ಒಂದು ದಿನ ಉಳೀಬೇಕು, ಯೂನಾ."

ಮೊರಾಗ್ ಲ್ಯಾಕ್ಲನ್‌ನ ಮಗಳು. ಈಗ ಮುರ್ಡೊನ ಹಳೆಯ ಜಮೀನು, ಹಸುಗಳು ಎಲ್ಲವೂ ಅವಳ ಕೈಯಲ್ಲಿ. ವರ್ಷದ ಉಳಿದ ದಿನಗಳೆಲ್ಲ ಬೆಳಗಿನ ಜಾವಕ್ಕೆ ಎದ್ದು ಕೊಟ್ಟಿಗೆಗೆ ಹೋಗುವವಳು ಅವಳು.

ಮಧ್ಯಾಹ್ನ ಸಮುದಾಯ ಭವನದ ಅಡುಗೆಮನೆಗೆ ಹೋದೆ. ಮನೆತನದ ಹೆಂಗಸರೆಲ್ಲ ಚೀಸ್ ರೋಲುಗಳಿಗೆ ಬೆಣ್ಣೆ ಹಚ್ಚುತ್ತಿದ್ದರು. ಮೊರಾಗ್ ಮಾತ್ರ ರಾಣಿಯ ಹಾಗೆ ಕುರ್ಚಿಯಲ್ಲಿ ಕೂತು ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಳು.

"ನಿನಗೆ ಮುರ್ಡೊ ವಿಷ್ಯ ಗೊತ್ತೇನೇ?" ಎಂದೆ, ಎಚ್ಚರದಿಂದ.

"ಹಾಲುಗಿತ್ತಿ ಮುರ್ಡಮ್ಮನ ವಿಷ್ಯನಾ ಅತ್ತೆ? ಅಮ್ಮ ಹೇಳಿದ್ಲು, ನಾನು ಮೊದಲ್ನೇ ಸಲ ಓಟು ಹಾಕೋಕೆ ಹೋದಾಗ." ಬೆಣ್ಣೆ ಹಚ್ಚುತ್ತಿದ್ದವರೆಲ್ಲ ತಲೆಯಾಡಿಸಿದರು. ಎಲ್ಲರಿಗೂ ತಾಯಿಯೋ ಅತ್ತೆಯೋ ಹೇಳಿದ್ದರು.

"ನನಗೊಬ್ಬಳಿಗೆ ಬಿಟ್ಟು!"

"ನಿಮಗೂ ಗೊತ್ತಿರುತ್ತೆ ಅಂದ್ಕೊಂಡಿದ್ವಿ. ಆ ಪೆಟ್ಟಿಗೆ ಮೇಲೆ ನಿಲ್ಸಿ ಎಷ್ಟು ಚೆನ್ನಾಗಿ ಹೇಳಿಸ್ತಿದ್ರಿ! ಅಪ್ಪಂಗೆ ಅದಂದ್ರೆ ಪ್ರಾಣ. ದಯವಿಟ್ಟು ಸಂಜೆ ಹಾಗೇ ಓದ್ಬಿಡಿ ಅತ್ತೆ."

ಸುಳ್ಳೆಂದು ತಿಳಿಯದೆ ಹೇಳಿದ್ದು ತಪ್ಪು ತಿಳಿವಳಿಕೆ. ತಿಳಿದ ಮೇಲೂ ಹೇಳಿದರೆ ಅದು ಮೋಸ. ಓದಿದರೆ ನಾನು ಕಲಿಸಿದ ಪ್ರತಿ ಪಾಠಕ್ಕೂ ಬೆನ್ನು ತಿರುಗಿಸಿದ ಹಾಗೆ. ನಿಜ ಹೇಳಿದರೆ ಅತ್ತೆಯ ನಂಬಿಕೆಯೂ ಮುರಿಯುತ್ತದೆ, ಹೆಂಗಸರು ನೂರು ವರ್ಷದಿಂದ ಜೋಪಾನ ಮಾಡಿದ ಒಂದು ದಿನವೂ ಹೋಗುತ್ತದೆ. ಆದರೂ ನನಗೆ ಸಿಟ್ಟು ಬಂದದ್ದು ಇನ್ನೊಂದಕ್ಕೆ. ಹಾಲು ಕರೆದದ್ದು ನಾಚಿಕೆಯ ವಿಷಯವಾದದ್ದು ಯಾವಾಗ? ಅದೇ ಕೆಲಸವನ್ನು ಜೀವನವಿಡೀ ಮಾಡಿದ ಹೆಂಗಸರಿಗೆ ನಾಚಿಕೆಪಡಿ ಎಂದು ಯಾರೂ ಹೇಳಲಿಲ್ಲವಲ್ಲ!

ಐದು ಗಂಟೆಗೆ ನಾಲ್ಕುದಾರಿಯಲ್ಲಿ ಎಲ್ಲರೂ ಸೇರಿದೆವು. ಬಿಸಿಲು ಇನ್ನೂ ಎತ್ತರದಲ್ಲಿತ್ತು. ಬಂಡೆಯ ಮೇಲೆ ಚೌಕಳಿ ಕಂಬಳಿ ಹೊದಿಸಿತ್ತು. ಗಂಡಸರು ಕೊಟ್ಟಿಗೆಯಿಂದ ನೇರವಾಗಿ ಬಂದರು. ಮೇಲೆ ಕೋಟು, ಟೈ; ಕೆಳಗೆ ರಬ್ಬರ್ ಬೂಟು. ಲ್ಯಾಕ್ಲನ್‌ನ ಟೈ ಮೇಲೆ ಹಸುವೊಂದು ತನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ದಾಖಲಿಸಿತ್ತು. ಅವನ ಕೈಯಲ್ಲಿ ತಟ್ಟೆಯಿತ್ತು. ತಟ್ಟೆಯಲ್ಲಿ ಅಂಗಡಿಯ ಬಿಸ್ಕತ್ತಿನ ಪೊಟ್ಟಣ, ಒಡೆಯದೆ ಹಾಗೆಯೇ.

"ಎಲ್ಲರೂ ಅಂದ್ಯಲ್ಲಕ್ಕ," ಎಂದು ಹೆಮ್ಮೆಯಿಂದ ತೋರಿಸಿದ.

ನಾನು ಬಂಡೆಯ ಪಕ್ಕ ನಿಂತು ಹಾಳೆ ಬಿಡಿಸಿದೆ. ಮೊದಲ ಸಾಲಿನಲ್ಲಿ ಎಫಿ ಅತ್ತೆ ನನ್ನನ್ನೇ ನೋಡುತ್ತಿದ್ದಳು. ಹಡಗು ಬಂತು, ನೆಲೆಯೂರಿದ್ದಾಯಿತು, ಮತದ ದಿನ ಬಂತು. ಪೀಪಾಯಿಯ ಸಾಲಿಗೆ ಬಂದು ನಿಂತೆ. ಒಂದು ಹೆಜ್ಜೆಯೂ ಮುಂದಿಡಲಾಗಲಿಲ್ಲ.

"ಕ್ಷಮಿಸಬೇಕು. ಇದರ ಮುಂದೆ ಇರೋದನ್ನ ನಾನು ಓದೋಲ್ಲ," ಎಂದೆ.

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅತ್ತೆ ಕಣ್ಣು ಮುಚ್ಚಿದಳು. ಲ್ಯಾಕ್ಲನ್ ಧಾವಿಸಿ ಬಂದು ನನ್ನ ಕಿವಿಯ ಬಳಿ ಬಗ್ಗಿದ. ಜೀವನವಿಡೀ ಹಾಲಿನ ಯಂತ್ರಗಳ ಸದ್ದಿನಲ್ಲಿ ಮಾತಾಡಿದವನ ಪಿಸುಮಾತು ಅದು. ಹೊಳೆಯಾಚೆಯ ಕುರಿಗಳೂ ತಲೆಯೆತ್ತಿದವು.

"ಅಕ್ಕ! ನಿಂಗೆ ಯಾರು ಹೇಳಿದ್ದು? ಕೊಟ್ಟಿಗೆ ವಿಷ್ಯ ಕೊಟ್ಟಿಗೇಲೇ ಇರ್ಬೇಕು ಅಂತ ತಾತ ಆಣೆ ಮಾಡ್ಸಿದ್ರು! ಭಾಷಣ ಸುಳ್ಳು ಅಂತ ಗೊತ್ತಾದ್ರೆ ಹೆಂಗಸರಿಗೆ ಎಷ್ಟು ಬೇಜಾರಾಗುತ್ತೆ, ಯೋಚ್ನೆ ಮಾಡು! ಸುಮ್ನೆ ಓದೇ!"

ಎಲ್ಲರ ಕಣ್ಣೂ ಲ್ಯಾಕ್ಲನ್ ಕಡೆ ತಿರುಗಿದವು. ಆಮೇಲೆ ಎಫಿ ಅತ್ತೆ ಕೋಲೂರಿ ಎದ್ದಳು.

"ಲ್ಯಾಕ್ಲನ್, ಇಲ್ಲಿ ಬಾರೋ. ನಿಂಗೇನೋ ಗೊತ್ತು ಕೊಟ್ಟಿಗೆ ವಿಷ್ಯ?"

ಅವನು ಸಿಕ್ಕಿಬಿದ್ದ ಶಾಲಾ ಹುಡುಗನಂತೆ ಬೂಟಿನ ತುದಿ ನೋಡಿದ. "ಮುರ್ಡೊ ಮುತ್ತಜ್ಜ ಎಲ್ಲರ ಹಸು ಕರೆದದ್ದು, ಅತ್ತೆ. ಗಂಡುಮಕ್ಕಳು ಮೊದಲ್ನೇ ಸಲ ಚುನಾವಣೆ ದಿನ ಹಾಲು ಕರೆಯೋಕೆ ಬಂದಾಗ ಹೇಳ್ತಾರೆ. ಅದಕ್ಕೇ ತಾನೇ ನಾವು ಅವತ್ತು ಕರೆಯೋದು? ಹೆಂಗಸರಿಗೆ ಭಾಷಣ ಇಷ್ಟ ಅಂತ..."

"ನಮಗಾ?" ಎಂದು ಮೊರಾಗ್ ಕೂಗಿದಳು. "ಅಪ್ಪಾ, ನಿಮಗೆ ಇಷ್ಟ ಅಂತ ನಾವು ಸುಮ್ನಿದ್ವಿ!"

ನಗು ಎಲ್ಲಿಂದ ಶುರುವಾಯಿತೋ ತಿಳಿಯದು. ಬೂಟು ಹಾಕಿದ ಸಾಲಿಗೂ ಟೋಪಿ ಹಾಕಿದ ಸಾಲಿಗೂ ಒಟ್ಟಿಗೇ ಹತ್ತಿತು. ಒಂದು ಮನೆಯಲ್ಲಿ, ಒಂದೇ ಮೇಜಿನ ಎರಡು ಬದಿಯಲ್ಲಿ ಕೂತು, ಐವತ್ತು ವರ್ಷ ಇವರು ಒಬ್ಬರಿಗಾಗಿ ಒಬ್ಬರು ಒಂದು ಸುಳ್ಳನ್ನು ಸಾಕಿದ್ದರು. ಅದನ್ನು ಮನಸಾರೆ ನಂಬಿದವಳು ಕಣಿವೆಯಲ್ಲಿ ನಾನೊಬ್ಬಳೇ.

"ನಿಮಗೆ ನಾಚಿಕೆ ಆಗಲ್ವಾ?" ಎಂದು ಗದರಿದೆ. "ಇಷ್ಟು ಒಳ್ಳೇ ನಿಜ ಕೈಲಿಟ್ಕೊಂಡು, ಅಷ್ಟು ಮಕ್ಕಳಿಗೆ ನನ್ನ ಕೈಲಿ ಪೀಪಾಯಿ ತೋರ್ಸಿದ್ರಲ್ಲ!"

"ಆಗುತ್ತೆ, ಟೀಚರ್," ಎಂದರು ಎಲ್ಲರೂ, ಒಕ್ಕೊರಲಿನಿಂದ. ಬಹುಪಾಲು ನನ್ನ ಹಳೆಯ ವಿದ್ಯಾರ್ಥಿಗಳೇ. ನನಗೂ ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ.

ಹಾಗೆಂದು ಎಲ್ಲವೂ ಸುಸೂತ್ರವಾಗಿ ಮುಗಿಯಲಿಲ್ಲ. ಗಂಡಸರ ಕಥೆಯಲ್ಲಿ ಕೊನೆಯ ಎರಡು ಮನೆಗಳ ಹೊತ್ತಿಗೆ ಹಂಗಿಸುತ್ತಿದ್ದವರು ಒಬ್ಬೊಬ್ಬರಾಗಿ ತೋಳು ಮಡಚಿ ಮುರ್ಡೊನ ಜೊತೆ ಕೂತರಂತೆ.

"ಯಾರೂ ಕೂರ್ಲಿಲ್ಲ!" ಎಂದಳು ಎಫಿ ಅತ್ತೆ. "ನಮ್ಮಜ್ಜಿ ಕಣ್ಣಾರೆ ನೋಡಿದ್ಲು."

"ಅಜ್ಜಿ ಹೇಗೆ ನೋಡ್ತಾಳೆ ಅತ್ತೆ, ಅವ್ಳು ಮತ ಹಾಕೋಕೆ ಹೋಗಿದ್ಲಲ್ಲ?" ಎಂದ ಲ್ಯಾಕ್ಲನ್.

ಅತ್ತೆ ಕೋಲನ್ನು ನೆಲಕ್ಕೆ ಕುಟ್ಟಿದಳು. "ಕೈ ಊದಿದ್ದು ನೋಡಿದ್ಲು. ಇನ್ನೊಬ್ಬರು ಕೈ ಹಾಕಿದ್ರೆ ಅಷ್ಟು ಊದ್ತಿತ್ತೇನೋ? ನೀವು ಗಂಡಸರು ಎಲ್ಲಾದ್ರೂ ಸರಿ, ಒಂದು ಕೈ ಸೇರಿಸ್ಬಿಡ್ತೀರಿ!"

"ಎರಡೂ ಕಡೆಯವರು ಒಪ್ಪಿದ್ದಷ್ಟೇ ಕಲ್ಲಿನ ಮೇಲೆ ಬರುತ್ತೆ," ಎಂದು ನಾನು ತೀರ್ಪು ಕೊಟ್ಟೆ. ಲ್ಯಾಕ್ಲನ್ ಬಿಸ್ಕತ್ತಿನ ಪೊಟ್ಟಣ ಒಡೆದು ನನ್ನ ಮುಂದೆ ಹಿಡಿದ. ಹೊಸ ಫಲಕಕ್ಕೆ ಅಲ್ಲೇ ನಿಂತು ಒಂದು ವಾಕ್ಯ ಬರೆದೆ: "ನೆರೆಮನೆಯ ಹೆಂಗಸರು ಮತ ಹಾಕಲು ಹೋಗಲೆಂದು ಅವರ ಹಸುಗಳ ಹಾಲನ್ನು ಮುರ್ಡೊ ಗಿಲ್‌ಕ್ರಿಸ್ಟ್ ಕರೆದನು." ಭಾಷಣದ ಅಲಂಕಾರ ಅದರಲ್ಲಿ ಇಲ್ಲ. ಆದರೆ ಓದಿದಾಗ ಅಲ್ಲಿ ಯಾರೂ ನಗಲಿಲ್ಲ. ಲ್ಯಾಕ್ಲನ್ ಟೋಪಿ ತೆಗೆದ. ಅವನ ಹಿಂದಿನವರೂ ತೆಗೆದರು.

"ಮುಂದಿನ ಸಲಾನೂ ಬರ್ತೀರಿ ತಾನೇ, ಕೊಟ್ಟಿಗೆಗೆ?" ಎಂದು ಅತ್ತೆ ಮೆಲ್ಲಗೆ ಕೇಳಿದಳು.

"ನೀವು ನೀಲಿ ಟೋಪಿ ಇಟ್ಕೊಂಡು ಬರೋದಾದ್ರೆ," ಎಂದ ಲ್ಯಾಕ್ಲನ್.

ಕಂಬಳಿಯ ಕೆಳಗಿನ ಕಂಚಿನ ಫಲಕವನ್ನು ಏನು ಮಾಡುವುದೆಂಬ ಪ್ರಶ್ನೆ ಉಳಿಯಿತು. ಕರಗಿಸಬೇಕೆಂಬುದು ನನ್ನ ವಾದ. ಅದಕ್ಕೆ ಅತ್ತೆಯ ಮನಸ್ಸು ಒಪ್ಪಲಿಲ್ಲ. "ತಮ್ಮನ ಮಾತು ಕಣೇ ಅದು, ಚೆನ್ನಾಗಿದೆ. ಕೊಟ್ಟಿಗೇಲಿ ತೂಗುಹಾಕಿ. ಹಸುಗಳಾದ್ರೂ ಕೇಳ್ಲಿ ಭಾಷಣಾನ."

ಮರುದಿನ ಬೆಳಗಿನ ಜಾವ, ಅದು ಚುನಾವಣೆಯ ದಿನವಲ್ಲವಾದ್ದರಿಂದ, ನಾನು ಮೊರಾಗ್‌ಳ ಬೂಟು ಹಾಕಿಕೊಂಡು ಮೊದಲ ಬಾರಿಗೆ ಕೊಟ್ಟಿಗೆಗೆ ಹೋದೆ. ರೇಡಿಯೋದವನು ಯಾವ ಪಕ್ಷವೂ ಸರಿಯಾಗಿ ಗೆದ್ದಿಲ್ಲವೆಂದು ಗೊಣಗುತ್ತಿದ್ದ. ಗೋಡೆಯ ಮೇಲೆ ಮುರ್ಡೊ ಪೀಪಾಯಿಯೇರಿ ಕೈಯೆತ್ತಿ ನಿಂತಿದ್ದ. ಅವನ ಮೂಗಿನ ಮೇಲೆ ಆಗಲೇ ಒಂದು ಹನಿ ಸಗಣಿ.

ಮೊರಾಗ್ ಯಂತ್ರ ತರಲು ಹೋದಳು. "ಬೇಡ," ಎಂದೆ. "ಒಂದನ್ನಾದ್ರೂ ಕೈಯಿಂದ ಕಲಿಸು."

"ಟೀಚರಿಗೆ ಪಾಠನಾ!" ಎಂದು ನಕ್ಕು, ಮುದಿ ಹಸುವೊಂದನ್ನು ಆರಿಸಿ ನಿಲ್ಲಿಸಿದಳು. ಮಣೆ ಹಾಕಿದಳು. ನನ್ನ ಬೆರಳುಗಳನ್ನು ಬೆಚ್ಚಗಿನ ಮೊಲೆಯ ಸುತ್ತ ಒಂದೊಂದಾಗಿ ಮಡಚಿ ತೋರಿಸಿದಳು. ಎಳೆದೆ, ಹಿಂಡಿದೆ, ಏನೂ ಬರಲಿಲ್ಲ. ಹಸು ತಿರುಗಿ ನನ್ನನ್ನು ನೋಡಿತು, ಪಾಠ ಒಪ್ಪಿಸಲಾಗದ ಮಗುವನ್ನು ನಾನು ಎಷ್ಟೋ ಸಲ ನೋಡಿದ ಹಾಗೆ. ಮಣಿಕಟ್ಟು ನೋಯತೊಡಗಿತು. ಹೊಳೆಯ ಉದ್ದಕ್ಕೂ, ಮನೆಯಿಂದ ಮನೆಗೆ, ಹಿಂದೆ ಹಾಡುವ ಗಂಡಸರನ್ನಿಟ್ಟುಕೊಂಡು ಹೋದವನ ನೆನಪಾಯಿತು. ಮತ್ತೊಮ್ಮೆ ಬೆರಳು ಮಡಚಿದೆ.

ಬಕೆಟ್ಟಿನ ತಳಕ್ಕೆ ಹಾಲಿನ ಮೊದಲ ಎಳೆ ಸುಯ್ಯೆಂದು ಬಡಿಯಿತು.

"ಬಂತು!" ಎಂದು ಕೂಗಿದೆ, ಕೊಟ್ಟಿಗೆಯ ಹಸುಗಳೆಲ್ಲ ಬೆಚ್ಚುವ ಹಾಗೆ.